ಹೆಚ್ಚಾಗ್ಯಾವ

ನೆಲಕ್ಕೆ ಮೊಣಕಾಲೂರಿ, ಎರಡೂ ಕೈಗಳನ್ನು ನೆತ್ತಿಯ ಮೇಲೆ ನೆಟ್ಟಗೆ ಹಿಂದಕ್ಕೆ ಚಾಚಿ, ಗಾಳೇಶ ತಲೆಯನ್ನೊಮ್ಮೆ ಜೋರಾಗಿ ಕೊಡವಿದ. ಮುಂದಿನ ಸಾಲಿನ ಹುಡುಗರು ಕಿರುಚುತ್ತ ಹಿಂದಿನವರ ಮಡಿಲಿಗೆ ಬಿದ್ದರು.

“ಕೋಡು ಇಷ್ಟುದ್ದ. ಬಾಗಿರಂಗಿಲ್ಲ, ಸುತ್ತಿರಂಗಿಲ್ಲ. ಪಟ್ಟಿ ಹಿಡಿದು ಗೆರಿ ಎಳದಂಗ. ಬಾಜೂಕ ನಿಂತು ನೋಡಿದ್ರ ಎರಡೂ ಕೂಡಿ ಒಂದ ಕಾಣತೈತಿ.”

“ಒಂಟಿಕೋಡಿನ ಹೋರಿ ಏನ್ರಿ ಮಾಮಾ?”

“ಹೋರಿ ಅಲ್ಲೋ ಮಾರಾಯ. ಚಿಗರಿ. ಬಿಳಿ ಚಿಗರಿ. ಮರಳಿನ್ಯಾಗ ನಿಂತ್ರ ಯಾರೋ ಹಾಲು ಚೆಲ್ಲಿದಂಗ ಕಾಣತೈತಿ.”

“ಅದಕ್ಕ ಅಲ್ಲಿ ಏನಂತಾರ್ರಿ?”

ಗಾಳೇಶ ಕೈ ಇಳಿಸಿದ. ಮೊಣಕಾಲಿಗೆ ಮೆತ್ತಿದ ಸೀಮೆಸುಣ್ಣದ ಪುಡಿಯನ್ನು ಕೊಡವಿಕೊಂಡ. ಹೇಳಲೋ ಬೇಡವೋ ಎಂಬಂತೆ ಒಂದು ಗಳಿಗೆ ತಡೆದು, “ಮಹಾ ಅಂತಾರ” ಎಂದ.

ಗೋಡೆಯಾಚೆಯ ಅಡುಗೆ ಕೋಣೆಯಿಂದ ಸೌಟು ಬೋಗುಣಿಗೆ ತಾಗುವ ಸದ್ದು ಅಷ್ಟು ಹೊತ್ತೂ ಒಂದೇ ಸಮನೆ ಬರುತ್ತಿತ್ತು. ಅದು ನಿಂತಿತು. ಐದಾರು ಉಸಿರು ಕಳೆದ ಮೇಲೆ ಮತ್ತೆ ಶುರುವಾಯಿತು.

ಸೌಟು ಹಿಡಿದವಳು ಮುದಕಮ್ಮ, ಅವನ ಹೆಂಡತಿ. ಹದಿನೆಂಟು ತಿಂಗಳಿಂದ ಅವಳು ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಹೇಮಗುಡ್ಡದ ಆಚೆ, ಕಾಲುವೆ ನೀರಿನ ಗದ್ದೆಗಳ ನಡುವಿನ ಈ ಊರು ಅವಳ ತವರು. ಈ ಶಾಲೆಯ ಬಿಸಿಯೂಟದ ಅಡುಗೆ ಅವಳ ಕೆಲಸ. ಗಾಳೇಶನ ಊರು ಕನಕಗಿರಿಯ ಕಡೆಯ ಒಣ ಭೂಮಿಯದು. ಕುರಿ ಕಾಯುತ್ತಿದ್ದವನು ತೊಂಬತ್ತೇಳರಲ್ಲಿ ಅರಬ್ಬರ ದೇಶಕ್ಕೆ ಕುರಿ ಕಾಯಲೆಂದೇ ಹೋಗಿ, ಶೇಖನೊಬ್ಬನ ಪ್ರಾಣಿಗಳ ತೋಟದಲ್ಲಿ ಮೇವು ಹಾಕುವವನಾಗಿ ನಿಂತವನು. ಈ ಸಲ ರಜೆಯ ಮೇಲೆ ಬಂದು ಐವತ್ತು ದಿನವಾಗಿತ್ತು. ಮಂಗಳವಾರ ವಿಮಾನ. ಮುದಕಮ್ಮ ಮನೆಗೆ ಬರುತ್ತೇನೆ ಅಂದರೆ ಅವನು ಟಿಕೆಟ್ಟು ಹರಿದು ಹಾಕಿ ಇಲ್ಲೇ ಉಳಿಯುವವನಿದ್ದ. ಅನ್ನದಿದ್ದರೆ ಇನ್ನು ಈ ಕಡೆ ತಲೆ ಹಾಕುವ ಕಾರಣವೇ ಇರಲಿಲ್ಲ.

ಉಪಾಯ ದೇವೇಂದ್ರಪ್ಪ ಮಾಸ್ತರರದು. ಹೆಡ್ಮಾಸ್ತರಾದರೂ ಊರಿನ ಜಗಳಗಳಿಗೆ ತಲೆ ಕೊಡುವ ಮನುಷ್ಯ. “ನೇರ ಮಾತಾಡಾಕ ಬಂದ್ರ ಅಕಿ ಹಿತ್ತಲ ಬಾಗಿಲಿಂದ ಹೋಗಿಬಿಡ್ತಾಳ. ನೀವು ಸಾಲಿಗೆ ಬರ್ರಿ. ಹೊರದೇಶದ ಪ್ರಾಣಿ ಪಕ್ಷಿ ಅಂತ ಹುಡುಗರಿಗೆ ನಾಕು ಮಾತು ಹೇಳ್ರಿ. ಒಲಿ ಮ್ಯಾಲೆ ಇನ್ನೂರು ಹುಡುಗರ ಅನ್ನ ಬಿಟ್ಟು ಎಲ್ಲಿಗೆ ಹೋದಾಳು? ಗ್ವಾಡಿ ಆಚಿಂದ ಕೇಳಲಿ. ಊಟ ಆದ ಮ್ಯಾಲೆ ನಾ ಕೂಡಸ್ತೀನಿ” ಎಂದಿದ್ದರು. ಈಗ ಅವರು ಕಪ್ಪುಹಲಗೆಗೆ ಆತುಕೊಂಡು, ನಡೆಸ್ರಿ ನಡೆಸ್ರಿ ಎಂದು ಕಣ್ಣಲ್ಲೇ ಹುರಿದುಂಬಿಸುತ್ತಿದ್ದರು.

“ಅಲ್ಲಿ ನಮ್ಮ ಗುಡ್ಡದಾಗ ಇರೋ ಅಂಥ ಕರಡಿ ಅದಾವೇನ್ರಿ?”

“ಇಲ್ಲ. ಕರಡಿ ಆ ಬಿಸಲಿಗೆ ಕೋಟು ಬಿಚ್ಚಿ ಕುಂದರಬೇಕಾಕ್ಕೈತಿ.”

ಕೊಠಡಿ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಿಂದ ಕೊಟ್ರೇಶನೆಂಬ ಹುಡುಗ ಕೈ ಎತ್ತದೆಯೇ ಎದ್ದುನಿಂತ. “ಹುಲಿ ಮರಿ ಕಾರಿನ್ಯಾಗ ಕುಂದರಿಸಿಕೊಂಡು ತಿರಗತಾರಂತ ಪೇಪರಿನ್ಯಾಗ ಬಂದಿತ್ತು. ಖರೇನೇನ್ರಿ?”

“ನಮ್ಮ ಶೇಖಂದು ಹುಲಿ ಅಲ್ಲ, ಚೀತಾ. ಮೈತುಂಬ ಚುಕ್ಕಿ. ಕಾರಿನ ಮುಂದಿನ ಸೀಟಿನ್ಯಾಗ ಅದು, ಹಿಂದ ನಾನು. ಅದಕ್ಕ ಕಿಡಕಿ ಬೇಕು, ಇಲ್ಲಂದ್ರ ಗುರ್ ಅಂತೈತಿ.”

“ಗಿಡುಗ ಸಾಕತಾರಂತಲ್ಲರಿ?”

“ಸಾಕತಾರ. ಅದರ ಕಣ್ಣಿಗೆ ಚರ್ಮದ ಟೊಪಗಿ. ಅದಕ್ಕ ಪಾಸ್‌ಪೋರ್ಟ್ ಐತಿ, ಗೊತ್ತೇನು? ವಿಮಾನದಾಗ ಹೋಗತೈತಿ.”

“ಹಕ್ಕಿಗೆ ವಿಮಾನ ಯಾಕ ಬೇಕ್ರಿ?” ಕೊಟ್ರೇಶ ಬಿಡಲಿಲ್ಲ. ಮಾಸ್ತರರೂ ನಕ್ಕರು. “ನಿಮಗೂ ಐತೇನ್ರಿ ಪಾಸ್‌ಪೋರ್ಟ್?”

“ಐತಿ. ಆದ್ರ ನಂದು ಮಾಲಕನ ಕಪಾಟಿನ್ಯಾಗ ಇರತೈತಿ. ಕೇಳಿದಾಗ ಕೊಡಬೇಕು ಅವನು.”

ಅದನ್ನು ಹಗುರವಾಗಿ ಹೇಳಬೇಕೆಂದಿದ್ದ. ಆಗಲಿಲ್ಲ. ಹೋದ ಸಲ ಆ ಕಪಾಟಿನ ಬೀಗ ತೆರೆಯಲು ಹನ್ನೊಂದು ದಿನ ಹಿಡಿದಿತ್ತು. ಅಷ್ಟರಲ್ಲಿ ಇಲ್ಲಿ ಮಣ್ಣು ಮಾಡಿ, ಮೇಲೆ ಮುಳ್ಳು ಹಚ್ಚಿ, ಎಲ್ಲ ಮುಗಿಸಿದ್ದರು.

ಕಿಟಕಿಯ ಹತ್ತಿರ ಕುಳಿತಿದ್ದ ಅಮೃತಾ ಎಂಬ ಹುಡುಗಿ ಬಹಳ ಹೊತ್ತಿನಿಂದ ಬೆರಳೆತ್ತಿದ್ದಳು. “ಆ ಬಿಳಿ ಚಿಗರಿ ನೀರು ಇಲ್ಲದ ಹೆಂಗ ಬದಕತಾವ್ರಿ?”

“ಮುಂಜಾನಿ ಹುಲ್ಲಿನ ಮ್ಯಾಲಿನ ಇಬ್ಬನಿ ಇರತೈತಲ್ಲ, ಅದ ಸಾಕು ಅವಕ್ಕ. ಒಂದು ಮರಿಗೆ ತಾಯಿ ಒಲ್ಲೆ ಅಂದಿತ್ತು. ಬಾಟ್ಲಿ ಹಾಲು ಕುಡಿಸಿ ನಾನ ಸಾಕಿದೆ. ಹಿಂದಿಂದ ಬಂದು ನನ್ನ ಅಂಗಿ ಚುಂಗು ಚೀಪತಿತ್ತು.”

“ನಿಮಗ ಮಕ್ಕಳು ಅದಾರೇನ್ರಿ ಮಾಮಾ?”

ಮಾಸ್ತರರು ಕೆಮ್ಮಿದರು. “ಏ ಅಮೃತಾ, ಪ್ರಾಣಿ ಪಕ್ಷಿ ಬಗ್ಗೆ ಕೇಳು.”

“ಇರ್ಲಿ ಬಿಡ್ರಿ ಸರ್,” ಎಂದ ಗಾಳೇಶ. “ಒಬ್ಬಾಕಿ ಅದಾಳ.”

“ಸಾಲಿಗೆ ಹೋಗತಾಳೇನ್ರಿ? ಎಷ್ಟನೆತ್ತೆ?”

“ಮೂರನೆತ್ತೆ.”

ಸೌಟಿನ ಸದ್ದು ಮತ್ತೆ ನಿಂತಿತ್ತು.

ಮಗಳು ಮಹೇಶ್ವರಿ, ಮನೆಯವರ ಮಹಾ, ಮೂರನೆತ್ತೆಯಲ್ಲೇ ಉಳಿದುಬಿಟ್ಟಿದ್ದಳು. ತೋಟಕ್ಕೆ ಹೋದ ಹೊಸತರಲ್ಲಿ, ಬಿಳಿ ಚಿಗರಿಗಳಿಗೆಲ್ಲ ಮಹಾ ಅನ್ನುತ್ತಾರೆಂದು ಕೇಳಿ ಗಾಳೇಶ ಒಬ್ಬನೇ ನಕ್ಕಿದ್ದ. ಎಸ್‌ಟಿಡಿ ಬೂತಿಗೆ ಫೋನು ಮಾಡಿ, ‘ಇಲ್ಲೆ ಒಂದು ಹಿಂಡಿಗೆ ಹಿಂಡ ನಿನ್ನ ಹೆಸರಿನವ ಅದಾವ ಮಹಾ’ ಎಂದಿದ್ದ. ‘ನನ್ನ ಕೇಳದ ಯಾಕ ಇಟ್ಟಿ?’ ಎಂದು ಕೂಸು ಜಗಳಕ್ಕೆ ಬಿದ್ದಿತ್ತು. ಐದು ತುಂಬುವ ಹೊತ್ತಿಗೆ ಅವಳಿಗೆ ಫಿಟ್ಸ್ ಶುರುವಾಯಿತು. ಇಲ್ಲಿಯ ಗುಳಿಗೆಗೆ ದಿನವಿಡೀ ಮಂಕು ಹಿಡಿದಂತೆ ಕುಳಿತಿರುತ್ತಿದ್ದಳು. ಅಲ್ಲಿಯ ಡಾಕ್ಟರೊಬ್ಬರಿಗೆ ಕಾಗದ ತೋರಿಸಿ ಗಾಳೇಶ ಬೇರೆ ಗುಳಿಗೆ ಕಳಿಸತೊಡಗಿದ ಮೇಲೆ ಹುಡುಗಿ ಹುಡುಗಿಯಾದಳು. ಎರಡು ವರ್ಷ ಒಮ್ಮೆಯೂ ಬೀಳಲಿಲ್ಲ. ಊರ ಕಡೆ ಹೊರಟವರ ಕೈಯಲ್ಲಿ ಪಾಕೀಟು ಬರುತ್ತಿತ್ತು. ಹೆಚ್ಚಾಗಿ ಅಲ್ಲಿ ಲಾರಿ ಓಡಿಸುವ ಗಂಗಾವತಿಯ ಮಲಿಕಸಾಬನ ಕೈಯಲ್ಲಿ. ‘ಇದ ಬಿಟ್ಟು ಬ್ಯಾರೆ ಗುಳಿಗಿ ಒಂದೂ ಕೊಡಬ್ಯಾಡ’ ಎಂದು ಗಾಳೇಶ ಮುದಕಮ್ಮನಿಗೆ ಒತ್ತಿ ಒತ್ತಿ ಹೇಳಿದ್ದ.

ಎರಡು ಸಾವಿರದ ಎರಡರ ಡಿಸೆಂಬರಿನ ಮೊದಲ ಶುಕ್ರವಾರದ ಫೋನು ಅವನಿಗೆ ಅಕ್ಷರ ಅಕ್ಷರ ನೆನಪಿತ್ತು. ಕಾರ್ಡಿನಲ್ಲಿ ಉಳಿದದ್ದು ಎರಡೇ ನಿಮಿಷ.

‘ಗುಳಿಗಿ ಹೆಚ್ಚಾಗ್ಯಾವ’ ಎಂದಿದ್ದಳು ಮುದಕಮ್ಮ.

‘ಏನು?’

‘ಗುಳಿಗಿರಿ. ಹೆಚ್ಚಾಗ್ಯಾವ.’

‘ಹೆಚ್ಚಾಗ್ಯಾವ?’

‘ಹೂಂ ಅಂತೀನಲ್ಲರಿ, ಹೆಚ್ಚಾಗ್ಯಾವ.’

‘ಹಂಗಾರ ಛಲೋ ಆತು ಬಿಡು’ ಎಂದಿದ್ದ ಗಾಳೇಶ. ಲೈನು ಕಡಿದಿತ್ತು.

ಮಲಿಕಸಾಬ ಮರುದಿನವೇ ಊರಿಗೆ ಹೊರಟಿದ್ದ. ಕಳಿಸಲೆಂದು ಕಟ್ಟಿಟ್ಟ ಗುಳಿಗೆಯ ಪಾಕೀಟನ್ನು ಗಾಳೇಶ ಟ್ರಂಕಿನಲ್ಲೇ ಉಳಿಸಿಕೊಂಡ. ಊರಲ್ಲಿ ಮಿಕ್ಕಿ ಬಿದ್ದಿರುವಾಗ ಇನ್ನಷ್ಟು ಯಾಕೆ? ಆ ಜಾಗದಲ್ಲಿ ಮಹಾಗೆ ಎರಡು ಸೇರು ಖಜ್ಜೂರಿ ಕೊಟ್ಟು ಕಳಿಸಿದ. ಆರು ವಾರದ ಮೇಲೆ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಮಹೇಶ್ವರಿ ಬಿದ್ದಳು. ಒಂದು ಫಿಟ್ಸ್ ಬಿಡುವುದರೊಳಗೆ ಇನ್ನೊಂದು. ಗಂಗಾವತಿ ಮುಟ್ಟುವ ಮೊದಲೇ, ಟೆಂಪೋದಲ್ಲಿ, ತಾಯಿಯ ತೊಡೆಯ ಮೇಲೆ ಉಸಿರು ಹೋಯಿತು.

ಗುಳಿಗೆ ಮಿಕ್ಕಿದ್ದು ಯಾಕೆ? ಕೊಡದೆ ಇದ್ದುದಕ್ಕೆ. ಬೇರೆ ಅರ್ಥವೇ ಇರಲಿಲ್ಲ ಅವನಿಗೆ. ಬಂದವನೇ ಡಬ್ಬಿ, ಮಾಡ, ಹಾಸಿಗೆಯ ಕೆಳಗೆ ಎಲ್ಲ ಹುಡುಕಿದ. ಒಂದೂ ಸಿಗದಾಗ, ಹೆದರಿ ಒಗೆದಿದ್ದಾಳೆ ಅಂದುಕೊಂಡ. ಹತ್ತು ಮಂದಿ ಹಿರಿಯರು ಕುಳಿತಲ್ಲಿ, ‘ಗುಳಿಗಿ ಮನ್ಯಾಗ ಬಿದ್ದಿದ್ದವು. ಇಕಿ ಹುಡುಗಿಗೆ ನುಂಗಿಸಿಲ್ಲ’ ಎಂದ. ಮುದಕಮ್ಮ ಅವನ ಮುಖವನ್ನೇ ನೋಡಿದಳು. ‘ಸುಳ್ಳಿಗೂ ಒಂದು ಮಿತಿ ಇರಲಿ’ ಎಂದಷ್ಟೇ ಅಂದು, ಉಟ್ಟ ಸೀರೆಯಲ್ಲೇ ತವರಿಗೆ ನಡೆದಳು. ತಿರುಗಿ ಹೋಗಿ, ವರ್ಷಕ್ಕೂ ಹೆಚ್ಚು ಮರಳಿನಲ್ಲಿ ಕುಳಿತು ಯೋಚಿಸಿ, ಕೊಡದಿದ್ದರೂ ಬೇಕೆಂದು ಮಾಡಿರಲಿಕ್ಕಿಲ್ಲ, ಮರೆತಿರಬೇಕು, ಕ್ಷಮಿಸಿಬಿಡೋಣ ಎಂದು ಗಟ್ಟಿ ಮಾಡಿಕೊಂಡು ಗಾಳೇಶ ಈ ಸಲ ಬಂದಿದ್ದ. ಕ್ಷಮೆ ಕೊಡುವವನು ತಾನು ಎಂದೇ ತಿಳಿದಿದ್ದ.

ಕಿಟಕಿಯಾಚೆ ಮುದಕಮ್ಮ ಎರಡು ಕೊಡ ಹಿಡಿದು ಬಯಲು ದಾಟಿ ನೀರಿನ ಟಾಕಿಯ ಕಡೆ ಹೋಗುವುದು ಕಾಣಿಸಿತು. ಬೆನ್ನು ಸ್ವಲ್ಪ ಬಾಗಿತ್ತು. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಅಷ್ಟರಲ್ಲಿ ಎರಡನೆತ್ತೆಯ ಒಂದು ಹುಡುಗಿ ಬಾಗಿಲಲ್ಲಿ ಬಂದು ನಿಂತಳು. “ಸರ್, ಜೈನಾಬೀ ಅಕ್ಕ ಹೇಳ್ಯಾಳ್ರಿ. ಉಪ್ಪು ಹೆಚ್ಚಾಗೈತಂತ.”

ಜೈನಾಬೀ ಇನ್ನೊಬ್ಬ ಅಡುಗೆಯವಳು. ಮಾಸ್ತರರು ಜೇಬಿಗೆ ಕೈ ಹಾಕುವುದರೊಳಗೆ ಗಾಳೇಶ, ಮಕ್ಕಳನ್ನು ನಗಿಸುವ ಹುರುಪಿನಲ್ಲೇ, “ಹೆಚ್ಚಾದ್ರ ಏನಾತು, ನಾಕು ತಂಬಗಿ ನೀರು ಸುರೀರಂತ ಹೇಳವಾ” ಎಂದ.

ಇಡೀ ಕೊಠಡಿ ನಕ್ಕಿತು. ಕರಡಿಯ ಕೋಟಿಗೂ ಅಷ್ಟು ನಕ್ಕಿರಲಿಲ್ಲ. ಕೊಟ್ರೇಶ ಹೊಟ್ಟೆ ಹಿಡಿದುಕೊಂಡು ಬೆಂಚಿಲ್ಲದ ನೆಲದಲ್ಲಿ ಹೊರಳಿದ.

“ಮಾಮಾಗ ಗೊತ್ತ ಇಲ್ಲ! ಸಾರಿಗೆ ಹೆಚ್ಚಾಗಿಲ್ಲರಿ! ಡಬ್ಬ್ಯಾಗಿನ ಉಪ್ಪು! ಹೆಚ್ಚಾಗೈತಿ ಅಂದ್ರ ಖಾಲಿ ಆಗೈತಿ!”

“ಖಾಲಿ ಆದ್ರ ಖಾಲಿ ಅನಬೇಕಪ್ಪ,” ಎಂದ ಗಾಳೇಶ. ನಗು ಇನ್ನೂ ಅವನ ಮುಖದ ಮೇಲಿತ್ತು.

“ಅನಬಾರದ್ರಿ,” ಅಮೃತಾ ದೊಡ್ಡವಳಂತೆ ತಿದ್ದಿದಳು. “ಖಾಲಿ ಅನಬಾರದು, ತೀರೈತಿ ಅಂತೂ ಅನಲೇಬಾರದು. ಮಂದಿ ಸತ್ರ ತೀರ್ಯಾರ ಅಂತಾರಲ್ಲರಿ, ಅದಕ್ಕ. ಅಕ್ಕಿ ಆಗಲಿ ಎಣ್ಣಿ ಆಗಲಿ, ಹೆಚ್ಚಾಗ್ಯಾವ ಅನಬೇಕು. ನಾ ಒಂದು ಸಲ ಜ್ವಾಳ ತೀರ್ಯಾವ ಅಂದಿದ್ದಕ್ಕ ನಮ್ಮವ್ವ ಬಾಯಿ ಮ್ಯಾಲೆ ಹೊಡದಾಳ.”

“ಬಳಿ ಒಡದ್ರೂ ಹೆಚ್ಚಿದ್ವು ಅಂತಾರ್ರಿ!” ಇನ್ನೊಬ್ಬಳು ಕೂಗಿದಳು.

ನಗು ಗಾಳೇಶನ ಮುಖದಿಂದ ಇಳಿಯಿತು. ಅವನು ಮೆಲ್ಲಗೆ, ಅಮೃತಾಳ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ.

“ಗುಳಿಗಿಗೂ ಹಂಗ ಅಂತಾರೇನವಾ?”

“ಯಾವ ಗುಳಿಗಿರಿ?”

“ಔಷಧ. ಮನ್ಯಾಗ ಯಾರಿಗಾರ ಆರಾಮಿಲ್ಲಂದ್ರ ಕೊಡೋದು.”

ಅಮೃತಾ ಒಂದಿಷ್ಟು ಯೋಚಿಸಿದಳು. “ಅದಕ್ಕಂತೂ ಅನ್ನಾಕ ಬೇಕ್ರಿ. ಆರಾಮಿಲ್ಲದವರ ಮನ್ಯಾಗ ಯಾರಾರ ತೀರೈತಿ ಅಂತಾರೇನ್ರಿ?”

ಮಾಸ್ತರರು ಉಪ್ಪಿಗೆ ಹುಡುಗಿಯನ್ನು ಅಂಗಡಿಗೆ ಕಳಿಸಿದರು. ಯಾರೋ ಒಂಟೆಯ ಬಗ್ಗೆ ಕೇಳಿದರು. ಗಾಳೇಶ ಏನೋ ಹೇಳಿದ. ಮಕ್ಕಳು ನಕ್ಕದ್ದೂ ಕೇಳಿಸಿತು. ಅವನೊಳಗೆ ಆ ಎರಡು ನಿಮಿಷದ ಫೋನು ಮತ್ತೆ ಮೊದಲಿನಿಂದ ನಡೆಯುತ್ತಿತ್ತು. ಗುಳಿಗಿ ಹೆಚ್ಚಾಗ್ಯಾವ. ಗುಳಿಗಿ ತೀರ್ಯಾವ, ಕಳಿಸ್ರಿ. ಹಂಗಾರ ಛಲೋ ಆತು ಬಿಡು.

ಅವನಿಗೆ ಆ ಮಾತು ಗೊತ್ತಿರಲು ದಾರಿಯೇ ಇರಲಿಲ್ಲ. ತಾಯಿ ಹೋದಾಗ ಅವನಿಗೆ ಎರಡು ವರ್ಷ. ಬೆಳೆದದ್ದು ಕುರಿ ಹಿಂಡಿನ ಹಿಂದೆ, ಅಡವಿಯಲ್ಲಿ, ಗಂಡಸರ ನಡುವೆ. ಅಲ್ಲಿ ಹಿಟ್ಟು ಮುಗಿದರೆ ಮುಗೀತು ಅನ್ನುತ್ತಿದ್ದರು, ಕುರಿ ಸತ್ತರೆ ಸತ್ತಿತು ಅನ್ನುತ್ತಿದ್ದರು. ಮದುವೆಯಾದ ಮೇಲೂ ಒಲೆಯ ಹತ್ತಿರ ಕುಳಿತು ಕೇಳಿದ ಮಾತು ಎಷ್ಟು? ಆಮೇಲೆ ಮರಳು, ಮಲಯಾಳಿಗಳ ಕೂಡ ಹರಕು ಹಿಂದಿ, ಪ್ರಾಣಿಗಳ ಕೂಡ ಮೌನ. ಇಷ್ಟೆಲ್ಲ ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಟ್ರಂಕಿನಲ್ಲಿ ಇವತ್ತಿಗೂ ಬಿದ್ದಿರುವ ಆ ಪಾಕೀಟು ಕಣ್ಣಿನ ಮುಂದೆ ಬಂತು.

ಗಂಟೆ ಹೊಡೆಯಿತು. ಮಕ್ಕಳು ತಾಟು ಹಿಡಿದು ಹೊರಗೆ ನುಗ್ಗಿದರು.

ಓಡಿ ಹೋಗಿ ಹೇಳಿಬಿಡಬೇಕು ಎನ್ನಿಸಿತು ಮೊದಲು. ನಾನು ಕಟುಕನಲ್ಲ, ನನಗೆ ಮಾತು ತಿಳಿಯಲಿಲ್ಲ, ಅಷ್ಟೇ. ಜಗಲಿಯವರೆಗೆ ನಡೆದ. ಅಲ್ಲಿ ಬೇವಿನ ಮರದ ನೆರಳಲ್ಲಿ ಮುದಕಮ್ಮ ಬಗ್ಗಿ ಬಗ್ಗಿ ಅನ್ನ ಬಡಿಸುತ್ತಿದ್ದಳು. ಒಬ್ಬ ಸಣ್ಣ ಹುಡುಗಿ ತಾಟು ಒಡ್ಡಿದಾಗ ಅವಳ ಎಡಗೈ ತಾನಾಗಿಯೇ ಆ ಹುಡುಗಿಯ ಹಣೆಯ ಕೂದಲು ಸರಿಸಿತು. ಗಾಳೇಶ ಅಲ್ಲೇ ನಿಂತ.

ಹೇಳಿದರೆ ಏನಾಗುತ್ತದೆ? ತೀರುವುದೆಂಬ ಸಾವಿನ ಮಾತು ಮಗಳ ಗುಳಿಗೆಗೆ ತಾಕಬಾರದೆಂದು ಅವಳು ಅದನ್ನು ಬಿಟ್ಟು ಬೇರೆ ಮಾತು ಆಡಿದಳು. ಕೂಸು ಉಳಿಯಲೆಂದೇ ಆಡಿದ ಮಾತು. ಒಂದು ಸಲ, ಒಂದೇ ಒಂದು ಸಲ, ‘ತೀರ್ಯಾವ’ ಅಂದಿದ್ದರೆ ಮಹಾ ಇವತ್ತು ಐದನೆತ್ತೆ. ಇದು ತಿಳಿದರೆ ಅವಳು ಇವನನ್ನು ದೂರುವುದು ಬಿಟ್ಟು ತನ್ನನ್ನೇ ತಾನು ದೂರಿಕೊಳ್ಳುತ್ತಾಳೆ. ಇಲ್ಲಿ ದಿನಾ ಏನಾದರೊಂದು ಹೆಚ್ಚಾಗುತ್ತದೆ, ಉಪ್ಪು, ಎಣ್ಣೆ, ಬೇಳೆ. ಬಾಯಿ ತೆರೆದಾಗಲೆಲ್ಲ ಅವಳ ನಾಲಿಗೆ ಅವಳಿಗೇ ಚುಚ್ಚುತ್ತದೆ.

ದೇವೇಂದ್ರಪ್ಪ ಮಾಸ್ತರರು ಜಗಲಿಯ ಮೇಲೆ ಕುರ್ಚಿ ಹಾಕಿಸಿದರು. ಮುದಕಮ್ಮ ಒಂದು ತಾಟಿನಲ್ಲಿ ಅನ್ನ ಸಾರು ತಂದಳು. ಹಿಂದೆ ಬಂದ ಜೈನಾಬೀ, “ಉಣ್ರಿ ಅಳ್ಯಾರ, ಅರಬ್ಬರ ಬಿರ್ಯಾನಿ ಅಲ್ಲ ಇದು, ಸರ್ಕಾರದ ಸಾರು. ನಾಕು ತಂಬಗಿ ನೀರು ಹಾಕಿಲ್ಲ, ಅಂಜಬ್ಯಾಡ್ರಿ” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಮುದಕಮ್ಮ, ಏನದು ಎನ್ನುವಂತೆ ಜೈನಾಬೀಯ ಕಡೆ ನೋಡಿದಳು.

ಆ ಪ್ರಶ್ನೆ ಬಾಯಿಗೆ ಬರುವ ಮೊದಲೇ ಗಾಳೇಶ ಎದ್ದುನಿಂತ. ತಾಟು ತೆಗೆದುಕೊಳ್ಳಲಿಲ್ಲ.

“ಸರ್, ನೀವು ಸಾಕ್ಷಿ. ಇಕಿ ಗುಳಿಗಿ ಕೊಟ್ಟಿಲ್ಲ ಅಂತ ಅವತ್ತು ನಾ ಅಂದದ್ದು ಸುಳ್ಳು. ಇಕಿ ಎಲ್ಲಾ ಕೊಟ್ಟಾಳ. ಮನ್ಯಾಗ ಒಂದೂ ಇರಲಿಲ್ಲ. ಕಳಿಸದಾಂವ ನಾನು. ಇಕಿದು ಎಳ್ಳಷ್ಟೂ ತಪ್ಪಿಲ್ಲ.”

ಮಾಸ್ತರರು ಜೈನಾಬೀಯನ್ನು ಕರೆದುಕೊಂಡು ಮಕ್ಕಳ ಕಡೆ ಸರಿದರು.

ಮುದಕಮ್ಮ ತಾಟನ್ನು ಕುರ್ಚಿಯ ಮೇಲೆ ಇಟ್ಟಳು. “ಅವತ್ತು ಹತ್ತು ಮಂದಿ ಮುಂದ ಅಂದ್ರಿ. ಇವತ್ತು ಒಬ್ಬರ ಮುಂದ ಹೇಳ್ತೀರಿ.”

“ಆ ಹತ್ತು ಮಂದಿನ್ನೂ ಕರೆಸಿ ಹೇಳ್ತೀನಿ.”

ಹದಿನೆಂಟು ತಿಂಗಳಲ್ಲಿ ಮೊದಲ ಸಲ ಅವಳು ಅವನನ್ನು ನೇರ ನೋಡಿದಳು. ಅಡುಗೆಯ ಹೊಗೆಗೆ ಕಣ್ಣು ಕೆಂಪಾಗಿದ್ದವು, ಅಥವಾ ಬೇರೆಯದಕ್ಕೆ.

“ಗ್ವಾಡಿ ಆಚಿಂದ ಕೇಳಿದೆ. ಮೂರನೆತ್ತೆ ಅಂದ್ರಿ.”

“ಹೂಂ.”

“ಖಜ್ಜೂರಿ ಇನ್ನೂ ಇಟ್ಟೀನಿ. ಅಕಿ ಎರಡ ತಿಂದಿದ್ಲು.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮಲಿಕಸಾಬಣ್ಣ ಬಂದಾಗ ಪಾಕೀಟು ಅಂತ ಓಡಿದೆ. ಬಿಚ್ಚಿ ನೋಡಿದ್ರ ಖಜ್ಜೂರಿ. ಗುಳಿಗಿ ಇದ್ದ ಹಳೇ ಹಾಳಿ ಹಿಡಕೊಂಡು ಗಂಗಾವತಿ ಅಂಗಡಿ ಎಲ್ಲಾ ತಿರಗಿದೆ. ಈ ಹೆಸರಿಂದು ಇಲ್ಲ, ಬ್ಯಾರೆ ಕೊಡ್ತೀವಿ ಅಂದ್ರು. ಬ್ಯಾರೆ ಕೊಡಬ್ಯಾಡ ಅಂತ ನೀವ ಹೇಳಿದ್ರಿ. ವಾಪಸ್ ಬಂದೆ.”

ಗಾಳೇಶ ಬೇವಿನ ಮರ ನೋಡಿದ.

“ನಾನೂ ಮನಿಷ್ಯಾಳರಿ. ಎಷ್ಟು ದಿನ ಹಿಂಗ ಇರಲಿ? ಬರ್ತೀನಿ. ಇವತ್ತ, ನಾಕರ ಬಸ್ಸಿಗೆ, ನಿಮ್ಮ ಕೂಡ ಬರ್ತೀನಿ. ಆದ್ರ ಒಂದ ಮಾತು ಹೇಳ್ರಿ. ಗುಳಿಗಿ ಹೆಚ್ಚಾಗ್ಯಾವ ಅಂತ ನಾ ಮೂರು ಸಲ ಹೇಳಿದೆ. ನೀವೂ ತಿರುಗಿ ಅಂದ್ರಿ, ಹೆಚ್ಚಾಗ್ಯಾವ ಅಂತ. ಕಿವಿ ಕೇಳಿಸಿ, ತಿಳಿದು, ಛಲೋ ಆತು ಬಿಡು ಅಂದ್ರಿ. ಯಾಕ ಅಂದ್ರಿ?”

ಲೈನು ಸರಿ ಇರಲಿಲ್ಲ ಅನ್ನೋಣವೆಂದರೆ ಆ ಮಾತನ್ನು ಅವನೇ ತಿರುಗಿ ಆಡಿದ್ದ. ಕೈ ಖಾಲಿ ಇತ್ತು ಅನ್ನೋಣವೆಂದರೆ ಖಜ್ಜೂರಿ ಬಂದಿತ್ತು. ಸುಳ್ಳು ಯಾವುದೂ ನಿಲ್ಲುವಂತಿರಲಿಲ್ಲ. ನಿಲ್ಲುವುದು ಒಂದೇ ಇತ್ತು, ಅದು ನಿಜ. ಅದು ಅವನ ನಾಲಿಗೆಯ ತುದಿಯಲ್ಲಿತ್ತು.

“ಎಂಥಾದ್ದ ಇರಲಿ, ತಡಕೋತೀನಿ,” ಎಂದಳು ಮುದಕಮ್ಮ. ಅವಳ ದನಿ ಮೆತ್ತಗಾಗಿತ್ತು. “ಅದೊಂದು ಹೇಳ್ರಿ. ಅರಿವಿ ಗಂಟು ಕಟ್ಟಿಕೊಂಡು ಬರ್ತೀನಿ.”

“ಹೇಳೂದಿಲ್ಲ,” ಎಂದ ಗಾಳೇಶ.

“ಮನಿಗಿ ಬರ್ತೀನಿ ಅನ್ನಾಕ್ಹತ್ತೀನ್ರಿ.”

“ಹೇಳೂದಿಲ್ಲ.”